ಮಾಸುವ ಗುಲಾಬಿ

ಎರಡನೇ ಪಿಯುಸಿ, ಬಿ ಬ್ಯಾಚು, ಗುರುವಾರ ಮಧ್ಯಾಹ್ನ.
ಬ್ಯೂರೆಟ್ಟಿನ ತಿರುಪಿಗೆ ಗ್ರೀಸು ಹಚ್ಚುತ್ತಿದ್ದೆ.
ಮುದ್ದವ್ವ ಬಂದಳು, ನನ್ನ ಮೇಜಿನ ಮೇಲೆ
ರಮ್ಮಿನ ಹಳೇ ಬಾಟಲಿ ಇಟ್ಟಳು.
ಇಡೀ ಲ್ಯಾಬು ಹೋ ಎಂದಿತು.

ರಮ್ಮಲ್ಲ ಮಿಸ್, ಕಾಚಂಪುಳಿ. ತಾಯಿ ಕಾಸಿದ್ದು.
ತಾಯಿ ಅಂದರೆ ಅಜ್ಜಿ, ಇವರ ಮಾತಲ್ಲಿ.
ಬಯಲುಸೀಮೆಯ ನನಗದು ತಿಳಿಯಲು
ಒಂದು ಮಳೆಗಾಲ ಹಿಡಿದಿತ್ತು.
ಗೋಣಿಕೊಪ್ಪಲಿನ ಅಂಗಡಿಯವನು ಬಿರಡೆ ಕಿತ್ತು ಮೂಸಿ
ವಿನೆಗರ್ ಬೆರೆಸಿದ್ದೀರಿ ಅಂದನಂತೆ.
ಹನ್ನೆರಡು ಬಾಟಲಿ ಬಂದ ಜೀಪಿನಲ್ಲೇ ವಾಪಸ್ಸು.
ಅಂದಿನಿಂದ ತಾಯಿ ಮಾತಾಡಿಲ್ಲ, ಬೂದಿ ಕೆದಕುತ್ತಾ ಕೂತಿದ್ದಾರೆ.
ಟೈಟ್ರೇಶನ್ ಮಾಡಿದರೆ ಗೊತ್ತಾಗುತ್ತಲ್ಲ ಮಿಸ್?

ಟೈಟ್ರೇಶನ್ನಿಗೆ ಗೊತ್ತಿರುವುದು ಎಷ್ಟು ಎಂಬುದು.
ಯಾರು ಎಂದು ಅದು ಕೇಳುವುದಿಲ್ಲ.
ಆದರೂ, ಮಾಡು ಅಂದೆ.

ಮೊದಲ ತೊಡಕು ಕಪ್ಪು.
ಇಂಥ ಇರುಳಿನಲ್ಲಿ ಗುಲಾಬಿ ಕಾಣುವುದು ಹೇಗೆ?
ಒಂದು ಮಿಲಿಲೀಟರು ನೂರಕ್ಕೆ. ಅದರಲ್ಲಿ ಹತ್ತು ಮತ್ತೆ ನೂರಕ್ಕೆ.
ನೆಂಟರು ಹೆಚ್ಚಾದ ಮನೆಯ ಚಹಾದಂತೆ
ತೆಳ್ಳಗಾಗುತ್ತಾ ಹೋಗಿ ಕೊನೆಗೆ ಹೆಸರಿಗಷ್ಟೇ ಬಣ್ಣ.
ಫೀನಾಲ್ಫ್ತಲೀನ್ ಎರಡು ಹನಿ.
ಮೇಲಿಂದ ಸೋಡಿಯಂ ಹೈಡ್ರಾಕ್ಸೈಡು, ತಟಕು ತಟಕು.

ಬಂತು ಗುಲಾಬಿ.
ಹೋಯಿತು.
ಇನ್ನೊಂದು ಹನಿ. ಬಂತು, ಹತ್ತು ಎಣಿಸುವಷ್ಟರಲ್ಲಿ ಹೋಯಿತು.
ಗೋಬಿ ಅಂಗಡಿಯಿಂದ ಸುನೀರ್ ತಂದ ವಿನೆಗರಿನಲ್ಲೋ
ಒಮ್ಮೆ ಬಂದದ್ದು ಬೆಂಚು ಬಿಟ್ಟೇಳಲಿಲ್ಲ.

ಬೋರ್ಡಿಗೆ ಹೋದೆ. ಸಿಲಬಸ್ಸಿನಲ್ಲಿಲ್ಲದ ಆಮ್ಲ:
ಆರು ಇಂಗಾಲ, ಮೂರು ಕಾರ್ಬಾಕ್ಸಿಲ್ಲು, ಎರಡು ಹೈಡ್ರಾಕ್ಸಿಲ್ಲು.
ಒಲೆಯ ಮೇಲೆ ಕುದಿಯುತ್ತಾ ಕುದಿಯುತ್ತಾ
ತಲೆಯು ಬಾಲವನ್ನು ಕಚ್ಚಿಕೊಳ್ಳುತ್ತದೆ,
ಒಂದು ಅಣು ನೀರು ಉಗುಳಿ ಐದು ಮೂಲೆಯ ಉಂಗುರವಾಗುತ್ತದೆ.
ಪ್ರತ್ಯಾಮ್ಲ ಬಂದು ಬಾಗಿಲು ಬಡಿದರೂ ತಕ್ಷಣ ಬಿಚ್ಚುವುದಿಲ್ಲ.
ನಿಧಾನ. ತಡವಾಗಿ ಒಪ್ಪಿಕೊಳ್ಳುವ ಹುಳಿ.
ಅದಕ್ಕೇ ಬಣ್ಣ ಮಾಸುತ್ತಿದೆ.

ಹಾಗಾದರೆ ಅಸಲಿ! ಮುದ್ದವ್ವ ಚಪ್ಪಾಳೆ ತಟ್ಟಿದಳು.
ಹಿಂದಿನ ಬೆಂಚಿನಿಂದ ಸುನೀರ್:
ಅರ್ಧ ಬೆರೆಸಿದ್ದರೂ ಮಾಸುತ್ತಿತ್ತಲ್ಲ, ಮಿಸ್?
ವರ್ಷದ ಅತ್ಯುತ್ತಮ ಪ್ರಶ್ನೆ.
ಚಪ್ಪಾಳೆ ಗಾಳಿಯಲ್ಲೇ ನಿಂತಿತು.

ಪ್ರನಾಳದಲ್ಲಿ ಕಾಚಂಪುಳಿ, ಕೆಳಗೆ ಸಣ್ಣ ಉರಿ,
ಬಾಯಿಗೆ ಒದ್ದೆ ಮಾಡಿದ ನೀಲಿ ಲಿಟ್ಮಸ್.
ಹಣ್ಣಿನ ಹುಳಿ ಭಾರದ್ದು, ಹಾರುವುದಿಲ್ಲ.
ವಿನೆಗರ್ ಹಗುರ, ಹಾರುತ್ತದೆ.
ಎಲ್ಲರ ತಲೆ ಒಂದೇ ಜ್ವಾಲೆಯ ಸುತ್ತ.
ಕಾಗದದ ಅಂಚು ಕೆಂಪಾಯಿತು.
ಇಷ್ಟೇ, ಉಗುರಿನಷ್ಟು. ಆದರೆ ಕೆಂಪು.

ಮುದ್ದವ್ವ ನನ್ನ ಮುಖ ನೋಡಲಿಲ್ಲ.
ಬಾಟಲಿ ಎತ್ತಿಕೊಂಡು ಹೊರಟವಳನ್ನು ತಡೆದು ಕೇಳಿದೆ:
ಈ ಸಲ ಹಣ್ಣು ಬುಟ್ಟಿಯಲ್ಲಿ ಎಷ್ಟು ದಿನ ಸೋರಿತು?
ಕುಡಿಯೆ ಮಿಸ್... ಹನ್ನೊಂದು? ಹನ್ನೆರಡು?
ಕರೆಂಟಿಲ್ಲ, ದಾರಿಯಿಲ್ಲ, ಸೌದೆಯೆಲ್ಲ ಒದ್ದೆ.
ಉರಿ ಹಿಡಿಯಲೇ ಇಲ್ಲ.

ಹಣ್ಣು ಕಾದಿದೆ, ಕಾದು ಹುದುಗಿದೆ.
ಸಕ್ಕರೆ ಮದ್ಯವಾಗಿ, ಮದ್ಯ ಗಾಳಿ ಕುಡಿದು ವಿನೆಗರಾಗಿ,
ಅದನ್ನು ಓಡಿಸುವಷ್ಟು ಬೆಂಕಿ ಸಿಕ್ಕಿಲ್ಲ.
ಅಂಗಡಿಯವನ ಮೂಗು ಸುಳ್ಳಾಡಲಿಲ್ಲ.
ನಾಲಿಗೆ ಆಡಿತು.
ಬೆರೆಸಿದ್ದಲ್ಲ, ಮುದ್ದವ್ವ. ಒಳಗೇ ಹುಟ್ಟಿದ್ದು.
ಹೀಗೆಂದು ನಂಬಿದ್ದೇನೆ, ಸಾಬೀತು ಮಾಡಿಲ್ಲ.

ಬೀಕರಿನಲ್ಲಿ ಮುಕ್ಕಾಲು ಗಂಟೆ ಕಾಸಿದೆವು.
ಕಿಟಕಿ ತೆರೆದರೂ ಕಣ್ಣು ಉರಿ. ಅಟೆಂಡರ್ ಕುಶಾಲಪ್ಪ ಬೈದ.
ಕೊನೆಯ ಲಿಟ್ಮಸ್ ನೀಲಿಯಾಗೇ ಉಳಿಯಿತು.

ಸೋಮವಾರ ರೆಕಾರ್ಡ್ ಪುಸ್ತಕ ತಂದಳು.
ಆಕ್ಸಾಲಿಕ್ ಆಮ್ಲದ ಪುಟದಾಚೆ ಪೆನ್ಸಿಲಿನಲ್ಲಿ ಮೂರು ಸಾಲು:
ತಾಯಿಗೆ ಎಲ್ಲ ಹೇಳಿದೆ.
ತಾಯಿ ಅಂದರು, ಇಳಿಸುವಾಗಲೇ ಗೊತ್ತಿತ್ತು ನನಗೆ.
ಆಮೇಲೆ ಒಣ ಸೌದೆ ಕೇಳಿದರು.

ಸಹಿ ಎಲ್ಲಿ ಹಾಕಲಿ ಎಂದು ಕೆಂಪು ಪೆನ್ನು ಹಿಡಿದು
ಇನ್ನೂ ಕೂತಿದ್ದೇನೆ.